ಹನ್ನೆರಡನೆಯ ಪ್ರತಿ

ಪ್ರಾಗ್ ನಗರಕ್ಕೆ ಬರುವ ಸಾಹಿತ್ಯಪ್ರೇಮಿಗಳು ಮೊದಲು ಹುಡುಕಿಕೊಂಡು ಹೋಗುವುದು ಸಾಮಾನ್ಯವಾಗಿ ವ್ಲ್ತಾವಾ ನದಿಯ ದಂಡೆಯ ಸ್ಲಾವಿಯಾ ಕೆಫೆಗೆ. ಎದುರಿಗೆ ರಾಷ್ಟ್ರೀಯ ರಂಗಮಂದಿರ, ಕಿಟಕಿಯಾಚೆ ನದಿ, ನದಿಯ ಆಚೆ ದಡದ ಗುಡ್ಡದ ಮೇಲೆ ಕೋಟೆ. ಐವತ್ತರ ದಶಕದಲ್ಲಿ ಇಲ್ಲಿ ಕವಿಗಳು ಕೂಡುತ್ತಿದ್ದರು; ನಾಟಕಕಾರ ವಾತ್ಸ್ಲಾವ್ ಹಾವೆಲ್ ತಾವು ಮುಂದೆ ಮದುವೆಯಾಗಲಿದ್ದ ಓಲ್ಗಾ ಅವರನ್ನು ಮೊದಲು ಕಂಡದ್ದೂ ಇಲ್ಲೇ. ಅಲ್ಲಿಂದ ನದಿಯಗುಂಟ ಹತ್ತು ಹದಿನೈದು ನಿಮಿಷ ನಡೆದರೆ ಹಾವೆಲ್ ಅವರ ಅಜ್ಜ ಕಟ್ಟಿಸಿದ ಮನೆ ಸಿಗುತ್ತದೆ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಆ ದಂಡೆಗೆ ಎಂಗೆಲ್ಸ್ ಹೆಸರಿತ್ತು. ಈ ಎರಡು ಜಾಗಗಳನ್ನು ನೋಡಿ ಹೊರಟವರ ಮನಸ್ಸಿನಲ್ಲಿ ಭಿನ್ನಮತದ ಲೇಖಕನ ಒಂದು ಚಿತ್ರ ಉಳಿಯುತ್ತದೆ: ಒಂದು ಕಡೆ ಇಡೀ ಸರ್ಕಾರ, ಇನ್ನೊಂದು ಕಡೆ ಪೆನ್ನು ಹಿಡಿದ ಒಂಟಿ ಮನುಷ್ಯ. ಈ ಚಿತ್ರ ಸುಳ್ಳೆಂದು ಹೇಳಲಾರೆ, ಆದರೆ ಇದರಲ್ಲಿ ಕಾಣುವುದು ಅರ್ಧ ಮಾತ್ರ. ಆ ಬದುಕನ್ನು ನಿಜವಾಗಿ ಕಾಣಬೇಕೆನ್ನುವವರು ಲೇಖಕ ಕೂತ ಮೇಜನ್ನು ಬಿಟ್ಟು, ಅವನ ಬರಹವನ್ನು ಪ್ರತಿ ಮಾಡಿದವರು ಕೂತ ಮೇಜಿನ ಬಳಿ ಹೋಗಬೇಕು. ಪ್ರಾಗ್‌ನಲ್ಲಿ ಅದಕ್ಕೂ ಒಂದು ಜಾಗವಿದೆ. ಅಲ್ಲಿಗೆ ಹೋಗುವ ಪ್ರವಾಸಿಗರು ಕಡಿಮೆ.

ಮೊದಲು, ಏನು ಕಳೆದುಹೋಗಿತ್ತು ಎನ್ನುವುದನ್ನು ನೋಡಬೇಕು. 1968ರ ವಸಂತದಲ್ಲಿ ಜೆಕೊಸ್ಲೊವಾಕಿಯಾದ ಪತ್ರಿಕೆಗಳು ಇಪ್ಪತ್ತು ವರ್ಷಗಳ ನಂತರ ಬಾಯಿಬಿಟ್ಟು ಮಾತಾಡತೊಡಗಿದವು. ಜೂನ್ 27ರಂದು ಕಾದಂಬರಿಕಾರ ಲುದ್ವೀಕ್ ವಾತ್ಸುಲೀಕ್ ಬರೆದ ‘ಎರಡು ಸಾವಿರ ಪದಗಳು’ ಎಂಬ ಮನವಿ ಅಚ್ಚಾಯಿತು. ಎರಡು ತಿಂಗಳೊಳಗೆ, ಆಗಸ್ಟ್ 20ರ ರಾತ್ರಿ, ವಾರ್ಸಾ ಒಪ್ಪಂದದ ಸೇನೆಗಳು ಗಡಿ ದಾಟಿದವು. ಮರುವರ್ಷ ಏಪ್ರಿಲ್‌ನಲ್ಲಿ ಗುಸ್ತಾವ್ ಹುಸಾಕ್ ಪಕ್ಷದ ಚುಕ್ಕಾಣಿ ಹಿಡಿದರು. ಆಮೇಲೆ ನಡೆದದ್ದಕ್ಕೆ ಆಡಳಿತವೇ ಇಟ್ಟ ಹೆಸರು ‘ಸಹಜಗೊಳಿಸುವಿಕೆ’. ನೂರಾರು ಲೇಖಕರ ಹೆಸರು ಪ್ರಕಾಶಕರ ಪಟ್ಟಿಯಿಂದ ಮಾಯವಾಯಿತು, ಅವರ ಹಳೆಯ ಪುಸ್ತಕಗಳು ಗ್ರಂಥಾಲಯಗಳ ಕಪಾಟುಗಳಿಂದ ಇಳಿದವು. ನೌಕರಿ ಹೋಯಿತು, ಪಾಸ್‌ಪೋರ್ಟ್ ಹೋಯಿತು, ಫೋನ್ ಕಡಿತವಾಯಿತು, ಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿತು. ಲೇಖಕ ಇವಾನ್ ಕ್ಲೀಮಾ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಊರಿಗೆ ಮರಳಿದ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ಚಾಕರಿ ಮಾಡಿದರು, ಬೀದಿ ಗುಡಿಸಿದರು, ಭೂಮಾಪಕರ ಜತೆ ಸಹಾಯಕರಾಗಿ ತಿರುಗಿದರು. ಹಾವೆಲ್ 1974ರಲ್ಲಿ ತ್ರುತ್ನೊವ್ ಊರಿನ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸಿದರು. ಆ ಅನುಭವದಿಂದ ಹುಟ್ಟಿದ ‘ಆಡಿಯೆನ್ಸ್’ ನಾಟಕದಲ್ಲಿ ಕಾರ್ಖಾನೆಯ ಮೇಲಧಿಕಾರಿಗೆ ಪೊಲೀಸರಿಗೆ ವಾರವಾರ ವರದಿ ಕೊಡಬೇಕಾದ ಒತ್ತಡವಿದೆ, ಆದರೆ ಬರೆಯಲು ಬಾರದು. ನಿನ್ನ ಬಗ್ಗೆ ನೀನೇ ಬರೆದುಕೊಡು, ಹಗುರದ ಕೆಲಸ ಕೊಡುತ್ತೇನೆ ಎಂದು ಅವನು ಲೇಖಕನನ್ನೇ ಬೇಡಿಕೊಳ್ಳುತ್ತಾನೆ. ಆ ಆಡಳಿತಕ್ಕೂ ಬರಹ ಬೇಕಿತ್ತು, ಕಡತ ಕಡತ ಬೇಕಿತ್ತು. ಅದು ತಡೆಯಲು ಹೊರಟದ್ದು ಒಬ್ಬನ ಬರಹ ಇನ್ನೊಬ್ಬನ ಕೈ ಸೇರುವುದನ್ನು.

ನಗರದ ನಡುವೆ ಸೆನೊವಾಜ್ನೆ ಎಂಬ ಚೌಕವಿದೆ. ಹಿಂದೆ ಇಲ್ಲಿ ಹುಲ್ಲಿನ ಹೊರೆ ತೂಗುತ್ತಿದ್ದರು, ಹೆಸರು ಬಂದದ್ದು ಅದರಿಂದ. ಕಮ್ಯುನಿಸ್ಟ್ ಕಾಲದಲ್ಲಿ ಇದು ಗಾರ್ಕಿ ಚೌಕವಾಗಿತ್ತು. ಈ ಚೌಕದ ಒಂದು ಕಟ್ಟಡದಲ್ಲಿ ‘ಲಿಬ್ರಿ ಪ್ರೊಹಿಬಿತಿ’, ಅಂದರೆ ನಿಷೇಧಿತ ಪುಸ್ತಕಗಳು ಎಂಬ ಗ್ರಂಥಾಲಯವಿದೆ. 1990ರಲ್ಲಿ ಇದನ್ನು ಕಟ್ಟಿದವರು ಯಿರ್ಝಿ ಗ್ರುಂತೊರಾದ್. ಪುಸ್ತಕಗಳನ್ನು ಬೆರಳಚ್ಚು ಮಾಡಿ ಹಂಚಿದ, ಚಾರ್ಟರ್ 77 ಎಂಬ ಮಾನವ ಹಕ್ಕುಗಳ ಹೇಳಿಕೆಯ ಜತೆ ನಿಂತ ತಪ್ಪಿಗೆ ಅವರು ಎಂಬತ್ತರ ದಶಕದ ಮೊದಲಲ್ಲಿ ನಾಲ್ಕು ವರ್ಷ ಸೆರೆಮನೆಯಲ್ಲಿದ್ದರು. ಅವರು ಹೊರತಂದ ಮಾಲೆಯ ಹೆಸರು ‘ಪೊಪೆಲ್ನಿತ್ಸೆ’, ಕಸದ ಡಬ್ಬಿ. ಅದಕ್ಕೂ ಹಿಂದಿನ, ಎಲ್ಲಕ್ಕಿಂತ ಹೆಸರಾದ ಮಾಲೆ ವಾತ್ಸುಲೀಕ್ ಅವರ ‘ಪೆಟ್ಲಿತ್ಸೆ’, ಬಾಗಿಲ ಚಿಲಕ. ಎಪ್ಪತ್ತರ ದಶಕದ ಆರಂಭದಿಂದ 1989ರವರೆಗೆ ಆ ಒಂದು ಮಾಲೆಯಲ್ಲೇ ಸುಮಾರು 400 ಪುಸ್ತಕಗಳು ಬಂದವು. ಇಲ್ಲಿರುವ ಜೆಕ್ ಮತ್ತು ಸ್ಲೊವಾಕ್ ಗುಪ್ತ ನಿಯತಕಾಲಿಕಗಳ ಸಂಗ್ರಹವನ್ನು ಯುನೆಸ್ಕೊ 2013ರಲ್ಲಿ ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ಆದರೆ ಕಪಾಟುಗಳ ಮುಂದೆ ನಿಂತಾಗ ಅಂಥ ಗೌರವದ ಲಕ್ಷಣವೇನೂ ಕಾಣದು. ಕಂಪನಿ ಲೆಕ್ಕದ ಪುಸ್ತಕಗಳಂತೆ ಸಾದಾ ರಟ್ಟಿನ, ಬಟ್ಟೆಯ ಬೆನ್ನಿನ ದಪ್ಪ ಸಂಪುಟಗಳು ಸಾಲಾಗಿವೆ.

ಒಂದನ್ನು ತೆರೆದರೆ ಆ ಕಾಲದ ಕೆಲಸ ಕಣ್ಣಿಗೆ ಬೀಳುತ್ತದೆ. ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ಹಾಳೆ. ಹಾಳೆಗೊಂದು ಕಾರ್ಬನ್ ಸೇರಿಸಿ ಹತ್ತು ಹನ್ನೆರಡು ಪದರ ಮಾಡಿ ಯಂತ್ರದ ಉರುಳೆಗೆ ತೂರಿಸುತ್ತಿದ್ದರು. ಕೊನೆಯ ಹಾಳೆಗೂ ಅಕ್ಷರ ಮೂಡಬೇಕಾದರೆ ಕೀಲಿಯನ್ನು ಬಲವಾಗಿ ಕುಟ್ಟಬೇಕು. ಹಾಗೆ ಕುಟ್ಟಿದಾಗ ಮೊದಲ ಪ್ರತಿಯಲ್ಲಿ ಸೊನ್ನೆಯಾಕಾರದ ಅಕ್ಷರಗಳು ಕಾಗದವನ್ನೇ ತೂತು ಮಾಡುತ್ತವೆ, ಹನ್ನೆರಡನೆಯ ಪ್ರತಿಯಲ್ಲಿ ಅದೇ ಅಕ್ಷರ ಬೂದು ನೆರಳಾಗಿ ಹರಡಿಕೊಳ್ಳುತ್ತದೆ. ಒಂದು ತಪ್ಪು ಬಿದ್ದರೆ ಹನ್ನೆರಡು ಹಾಳೆಯಲ್ಲೂ ಬೇರೆ ಬೇರೆಯಾಗಿ ತಿದ್ದಬೇಕು. ನಮ್ಮಲ್ಲಿ ಕೋರ್ಟು ಕಚೇರಿಗಳ ಮುಂದೆ ಕೂತು ಅರ್ಜಿ ಬೆರಳಚ್ಚು ಮಾಡಿದವರಿಗೆ ಮೂರು ಕಾರ್ಬನ್ ಇಟ್ಟಾಗಲೇ ಬೆರಳ ತುದಿ ಹೇಗೆ ನೋಯುತ್ತದೆಂದು ಗೊತ್ತು. ಮುನ್ನೂರು ಪುಟದ ಕಾದಂಬರಿಯನ್ನು ಒಮ್ಮೆ ಹೀಗೆ ಕುಟ್ಟಿದರೆ ಸಿಗುವುದು ಹನ್ನೆರಡು ಪುಸ್ತಕ. ಇಪ್ಪತ್ತನಾಲ್ಕು ಬೇಕೆಂದರೆ ಮೊದಲ ಸಾಲಿನಿಂದ ಮತ್ತೆ ಶುರು. ಪೆಟ್ಲಿತ್ಸೆಯ ಎಷ್ಟೋ ಪುಸ್ತಕಗಳನ್ನು ಹೀಗೆ ಕುಟ್ಟಿದವರು ಝ್ದೇನಾ ಎರ್ತೆಲ್ತೊವಾ ಎಂಬ ಮಹಿಳೆ. ವಾತ್ಸುಲೀಕ್ ಅವರ ದಿನಚರಿ ರೂಪದ ಕೃತಿ ‘ಜೆಕ್ ಸ್ವಪ್ನಪುಸ್ತಕ’ದ ತುಂಬ ಈ ಕೆಲಸದ ಓಡಾಟವಿದೆ: ಹಸ್ತಪ್ರತಿ ತಲುಪಿಸುವುದು, ಕೂಲಿ ಲೆಕ್ಕ ಹಾಕುವುದು, ರಟ್ಟು ಕಟ್ಟಿಸುವುದು, ನಡುವೆ ಪೊಲೀಸರ ವಿಚಾರಣೆಗೆ ಹೋಗಿ ಬರುವುದು. ಅದನ್ನು ಓದುವವರಿಗೆ ಭಿನ್ನಮತವೆಂದರೆ ಪ್ರತಿದಿನ ಮಾಡಿ ಮುಗಿಸಬೇಕಾದ ಒಂದು ಕಸುಬು ಎಂಬುದು ಬಲು ಬೇಗ ಗೊತ್ತಾಗುತ್ತದೆ.

ಪೆಟ್ಲಿತ್ಸೆಯ ಪುಸ್ತಕಗಳಲ್ಲಿ ಲೇಖಕರ ಸ್ವಂತ ಸಹಿ ಇರುತ್ತಿತ್ತು, ಜತೆಗೆ ಒಂದು ಎಚ್ಚರಿಕೆಯ ಸಾಲು: ಈ ಹಸ್ತಪ್ರತಿಯನ್ನು ಮತ್ತೆ ನಕಲು ಮಾಡುವುದನ್ನು ಸ್ಪಷ್ಟವಾಗಿ ನಿಷೇಧಿಸಲಾಗಿದೆ. ಇದೊಂದು ಕಾನೂನಿನ ಕವಚ. ಲೇಖಕ ತನ್ನ ಹಸ್ತಪ್ರತಿಯ ಪ್ರತಿಗಳನ್ನು ಸ್ನೇಹಿತರಿಗೆ ಕೊಟ್ಟರೆ ಅದು ಪ್ರಕಟಣೆಯಲ್ಲ ಎಂದು ವಾದಿಸಲು ದಾರಿ ಇರಲೆಂದು ಮಾಡಿದ ಏರ್ಪಾಡು. ಆದರೆ ಆ ಜೆಕ್ ವಾಕ್ಯದ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ವ್ಜ್ದೊರ್’ ಎಂದಾಗುತ್ತದೆ. ಆ ಭಾಷೆಯಲ್ಲಿ ಅದರ ಅರ್ಥ ಪ್ರತಿಭಟನೆ, ಮಣಿಯದಿರುವುದು. ಓದುಗರು ಅದನ್ನು ಅರ್ಥ ಮಾಡಿಕೊಂಡೇ ಪುಸ್ತಕವನ್ನು ಮತ್ತೊಂದು ಮನೆಗೆ ಒಯ್ದರು, ಮತ್ತೊಂದು ಯಂತ್ರದ ಮೇಲೆ ಕುಟ್ಟಿದರು. ಪ್ರತಿ ಮಾಡಿಸುವುದರ ಹಿರಿಮೆಯನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ಸಾವಿರ ವರ್ಷದಿಂದ ನೆನೆಯುತ್ತ ಬಂದಿದ್ದೇವೆ. ಅತ್ತಿಮಬ್ಬೆಗೆ ರಾಜಗೌರವವಿತ್ತು. ಪ್ರಾಗ್‌ನಲ್ಲಿ ಹೀಗೆ ಕುಟ್ಟಿದ ಹೆಂಗಸರಿಗೆ ಬಾಗಿಲು ತಟ್ಟುವ ಸದ್ದಿನ ಭಯವಿತ್ತು, ಜತೆಗೆ ಪುಸ್ತಕದ ಮೇಲೆ ಅವರ ಹೆಸರೂ ಇರುತ್ತಿರಲಿಲ್ಲ.

ಈ ಪ್ರತಿಗಳಿಗೆ ಆಡಳಿತ ಎಷ್ಟು ಹೆದರುತ್ತಿತ್ತು ಎನ್ನುವುದಕ್ಕೆ 1977ರ ಜನವರಿ ತಿಂಗಳೊಂದೇ ಸಾಕು. ಸರ್ಕಾರ ತಾನೇ ಸಹಿ ಹಾಕಿದ ಮಾನವ ಹಕ್ಕುಗಳ ಒಪ್ಪಂದಗಳನ್ನು ಪಾಲಿಸಲಿ ಎಂದು ಕೇಳುವ ಚಾರ್ಟರ್ 77 ಎಂಬ ಹೇಳಿಕೆಗೆ 240ಕ್ಕೂ ಹೆಚ್ಚು ಜನ ಸಹಿ ಮಾಡಿದ್ದರು. ಜನವರಿ 6ರಂದು ಅದನ್ನು ಸರ್ಕಾರಕ್ಕೆ ತಲುಪಿಸಲು, ಸಹಿ ಮಾಡಿದವರಿಗೆ ಅಂಚೆಯಲ್ಲಿ ಕಳಿಸಲು ಹೊರಟ ಕಾರಿನಲ್ಲಿ ಹಾವೆಲ್, ವಾತ್ಸುಲೀಕ್ ಮತ್ತು ನಟ ಪಾವೆಲ್ ಲಾಂದೊವ್ಸ್ಕಿ ಇದ್ದರು. ರಹಸ್ಯ ಪೊಲೀಸರು ಬೆನ್ನಟ್ಟಿ ಹಿಡಿದರು. ಲಕೋಟೆಗಳಲ್ಲಿದ್ದದ್ದು ಬೆರಳಚ್ಚು ಹಾಳೆಗಳು, ಅಷ್ಟೇ. ಅದೇ ತಿಂಗಳ 28ರಂದು ರಾಷ್ಟ್ರೀಯ ರಂಗಮಂದಿರದಲ್ಲಿ, ಸ್ಲಾವಿಯಾ ಕೆಫೆಯ ಕಿಟಕಿಯಿಂದ ಎದುರಿಗೇ ಕಾಣುವ ಅದೇ ಕಟ್ಟಡದಲ್ಲಿ, ನಾಡಿನ ನಟರು, ಸಂಗೀತಗಾರರು, ಲೇಖಕರನ್ನು ಸೇರಿಸಿ ಚಾರ್ಟರ್ ವಿರುದ್ಧ ಹೇಳಿಕೆಗೆ ಸಹಿ ಹಾಕಿಸಲಾಯಿತು. ಚಾರ್ಟರ್‌ನ ಪಠ್ಯ ಮಾತ್ರ ಅಲ್ಲಿಯ ಯಾವ ಪತ್ರಿಕೆಯಲ್ಲೂ ಅಚ್ಚಾಗಿರಲಿಲ್ಲ. ತಮಗೆ ಓದಲು ಕೊಡದ ಒಂದು ಬರಹವನ್ನು ಖಂಡಿಸಿ ಸಾವಿರಾರು ಜನ ಸಹಿ ಹಾಕಬೇಕಾಯಿತು. ಅವರನ್ನೆಲ್ಲ ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ನೌಕರಿ, ಮಕ್ಕಳು, ಮನೆ ಎಲ್ಲವೂ ಒಂದು ಸಹಿಗೆ ಗಂಟುಬಿದ್ದಿದ್ದವು. ಆದರೆ ಆ ದಿನ ಎರಡು ಬಗೆಯ ಕಾಗದ ಎದುರುಬದುರಾಗಿ ನಿಂತಿದ್ದವು. ಒಂದಕ್ಕೆ ಇಡೀ ರಂಗಮಂದಿರ, ರೇಡಿಯೊ, ಪತ್ರಿಕೆಗಳ ಬೆಂಬಲ. ಇನ್ನೊಂದಕ್ಕೆ ಕಾರ್ಬನ್ ಹಾಳೆಯ ಬೆಂಬಲ.

ನಗರದ ಪಶ್ಚಿಮದ ಬ್ರೆವ್ನೊವ್ ಸ್ಮಶಾನದಲ್ಲಿ ತತ್ತ್ವಜ್ಞಾನಿ ಯಾನ್ ಪಾತೊಚ್ಕಾ ಅವರ ಸಮಾಧಿ ಇದೆ. ಚಾರ್ಟರ್‌ನ ಮೊದಲ ಮೂವರು ವಕ್ತಾರರಲ್ಲಿ ಅವರೂ ಒಬ್ಬರು. ದೀರ್ಘ ವಿಚಾರಣೆಗಳ ನಂತರ ಆಸ್ಪತ್ರೆ ಸೇರಿ 1977ರ ಮಾರ್ಚ್ 13ರಂದು ತೀರಿಕೊಂಡಾಗ ಅವರಿಗೆ ಅರವತ್ತೊಂಬತ್ತು ವರ್ಷ. ಮಣ್ಣು ಮಾಡುವ ಹೊತ್ತಿಗೆ ಸ್ಮಶಾನದ ಮೇಲೆ ಹೆಲಿಕಾಪ್ಟರ್ ಸುತ್ತಿತು, ಪಕ್ಕದ ಪಂದ್ಯದ ಮೈದಾನದಲ್ಲಿ ಮೋಟಾರ್‌ಸೈಕಲ್‌ಗಳು ಗರ್ಜಿಸಿದವು. ಪಾದ್ರಿಯ ಮಾತು ಯಾರ ಕಿವಿಗೂ ಬೀಳಬಾರದು ಎಂಬುದೇ ಉದ್ದೇಶ. ಬಂದವರ ಮುಖಗಳನ್ನು ಪೊಲೀಸರು ಚಿತ್ರೀಕರಿಸಿದರು. ಈಗ ಅಲ್ಲಿ ಮರಗಳು, ಸಾಲು ಕಲ್ಲುಗಳು, ಮೌನ. ಪಾತೊಚ್ಕಾ ಅವರ ‘ಪಾಷಂಡಿ ಪ್ರಬಂಧಗಳು’ 1975ರಲ್ಲಿ ಪೆಟ್ಲಿತ್ಸೆಯ ಬೆರಳಚ್ಚಿನಲ್ಲೇ ಬಂದಿತ್ತು. ಅವರ ಸಾವಿನ ನಂತರ ಶಿಷ್ಯರು ಹಸ್ತಪ್ರತಿಗಳನ್ನು ಜೋಪಾನವಾಗಿ ಅಡಗಿಸಿಟ್ಟು, ಸಂಪುಟದ ಮೇಲೆ ಸಂಪುಟವಾಗಿ ಕುಟ್ಟಿ ಉಳಿಸಿದರು. ಸದ್ದು ಮಾಡಿ ಒಂದು ಮಧ್ಯಾಹ್ನದ ಮಾತನ್ನು ಮುಳುಗಿಸಬಹುದು, ಹತ್ತಾರು ಮನೆಗಳಲ್ಲಿ ಹಂಚಿಹೋದ ಹಾಳೆಗಳನ್ನು ಹಾಗೆ ಮುಳುಗಿಸಲು ಬರುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಮಾಸ್ಕೋದಲ್ಲಿ 1930ರ ದಶಕದಲ್ಲಿ ಲೇಖಕರನ್ನು ಗುಂಡಿಟ್ಟು ಕೊಂದರು. ಪ್ರಾಗ್‌ನಲ್ಲೇ 1950ರ ಜೂನ್ 27ರಂದು ರಾಜಕಾರಣಿ ಮಿಲಾದಾ ಹೊರಾಕೊವಾ ಜತೆಗೆ ಪತ್ರಕರ್ತ ಝಾವಿಶ್ ಕಾಲಾಂದ್ರಾ ಅವರನ್ನೂ ಗಲ್ಲಿಗೇರಿಸಿದರು. ಅದರ ಮುಂದೆ ಬೀದಿ ಗುಡಿಸುವುದು, ಪೀಪಾಯಿ ಉರುಳಿಸುವುದು ಎಂಥ ಕಷ್ಟ? ಕೋಟಿಗಟ್ಟಲೆ ಜನ ಜೀವನಪೂರ್ತಿ ಮಾಡುವ ಕೆಲಸವನ್ನು ಲೇಖಕ ಮಾಡಿದರೆ ಅದು ಹೇಗೆ ಶಿಕ್ಷೆಯಾಗುತ್ತದೆ? ಕೊನೆಯ ಪ್ರಶ್ನೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಪೊರಕೆ ಹಿಡಿಯುವುದರಲ್ಲಿ ಅವಮಾನವಿಲ್ಲ, ಕ್ಲೀಮಾ ಅವರಂಥವರು ಆ ಕೆಲಸಗಳಿಂದಲೇ ಒಳ್ಳೆಯ ಕಥೆಗಳನ್ನು ತಂದರು. ಅವಮಾನವಿದ್ದದ್ದು, ದುಡಿಮೆಯನ್ನೇ ಶಿಕ್ಷೆಯೆಂದು ಬಗೆದ, ಅದೂ ದುಡಿಯುವವರ ಹೆಸರಿನಲ್ಲೇ ಆಳುತ್ತಿದ್ದ ಪಕ್ಷದ ಮನಸ್ಸಿನಲ್ಲಿ. ಇನ್ನು ನೇಣಿಗೆ ಹೋಲಿಸಿದರೆ ಎಪ್ಪತ್ತರ ದಶಕ ಮೃದುವಾಗಿತ್ತು, ನಿಜ. ಆದರೆ ಆ ಮೃದುತ್ವದ ತಳದಲ್ಲಿ ನೇಣಿನ ನೆನಪಿತ್ತು. 1950ನ್ನು ಕಂಡ ತಲೆಮಾರಿಗೆ ಮತ್ತೊಮ್ಮೆ ಗಲ್ಲು ತೋರಿಸಬೇಕಾಗಿರಲಿಲ್ಲ, ಮಗಳ ಕಾಲೇಜು ಸೀಟನ್ನು ತೋರಿಸಿದರೆ ಸಾಕಿತ್ತು. ಸೆರೆಮನೆಯೂ ಬಳಕೆಯಲ್ಲೇ ಇತ್ತು. 1979ರ ಅಕ್ಟೋಬರ್‌ನಲ್ಲಿ ಹಾವೆಲ್ ಅವರಿಗೆ ಗಣರಾಜ್ಯದ ಬುಡಮೇಲಿನ ಆರೋಪದ ಮೇಲೆ ನಾಲ್ಕೂವರೆ ವರ್ಷ ಶಿಕ್ಷೆಯಾಯಿತು.

ಆ ಸೆರೆವಾಸದಲ್ಲಿ ಹುಟ್ಟಿದ ‘ಓಲ್ಗಾಗೆ ಪತ್ರಗಳು’ ಪುಸ್ತಕವನ್ನು ಒಬ್ಬ ಕೈದಿಯ ಏಕಾಂತದ ಚಿಂತನೆ ಎಂದು ಓದುವುದು ರೂಢಿ. ವಾರಕ್ಕೊಂದು ಕಾಗದ, ನಾಲ್ಕು ಪುಟ, ಮನೆಯ ವಿಷಯ ಮಾತ್ರ, ಹೊಡೆದುಹಾಕಿ ತಿದ್ದುವಂತಿಲ್ಲ, ಪರಭಾಷೆಯ ಮಾತು ಬರೆಯುವಂತಿಲ್ಲ. ಹಗಲು ಬೆಸುಗೆಯ ಕೆಲಸ ಮಾಡಿ ಬಂದವರು ವಾರವಿಡೀ ಮನಸ್ಸಿನಲ್ಲೇ ಕಟ್ಟಿಕೊಂಡ ವಾಕ್ಯಗಳನ್ನು ಒಂದೇ ಉಸಿರಿಗೆ ಹಾಳೆಗೆ ಇಳಿಸುತ್ತಿದ್ದರು. ಹೀಗೆ ಬಂದ 144 ಪತ್ರಗಳು ಪುಸ್ತಕದಲ್ಲಿವೆ. ಸೆರೆಮನೆಯ ಅಧಿಕಾರಿಯ ಕಣ್ಣು ತಪ್ಪಿಸಲು ಬಳಸಿದ ಬಳಸುಮಾತು ಕೆಲವು ಕಡೆ ಎಷ್ಟು ದಟ್ಟವಾಗಿದೆಯೆಂದರೆ ಓದುಗ ತಡವರಿಸುತ್ತಾನೆ. ಆದರೆ ಈ ಪತ್ರಗಳು ಪುಸ್ತಕವಾದದ್ದು ಹೊರಗಿದ್ದವರ ಕೈಯಲ್ಲಿ. ಹಾವೆಲ್ 1975ರಲ್ಲಿ ಶುರುಮಾಡಿದ ‘ಎಕ್ಸ್‌ಪೆದಿತ್ಸೆ’ ಎಂಬ ಬೆರಳಚ್ಚು ಮಾಲೆಯನ್ನು ಆ ವರ್ಷಗಳಲ್ಲಿ ನಡೆಸಿದವರು ಓಲ್ಗಾ ಮತ್ತು ಮೈದುನ ಇವಾನ್. ಕೈದಿಗೆ ಬೇಕಾದ ಸಿಗಾರು, ಚಹಾ, ವಿಟಮಿನ್ ಹೊಂದಿಸುವುದು, ಪೊಲೀಸರನ್ನು ಎದುರಿಸುವುದು, ಪ್ರತಿಗಳನ್ನು ಹಂಚುವುದು ಓಲ್ಗಾಗೆ ಒಂದೇ ಬದುಕಿನ ಕೆಲಸಗಳಾಗಿದ್ದವು. ಪುಸ್ತಕದ ಹೆಸರಿನಲ್ಲಿ ಅವರು ಪತ್ರ ಪಡೆದವರಷ್ಟೇ. ಸಮಾಜಶಾಸ್ತ್ರಜ್ಞೆ ಯಿರ್ಝಿನಾ ಶಿಕ್ಲೊವಾ ಕಸಗುಡಿಸುವ ಕೆಲಸ ಮಾಡುತ್ತಲೇ ಹಸ್ತಪ್ರತಿಗಳನ್ನು ಹೊರದೇಶಕ್ಕೆ, ಅಲ್ಲಿಯ ಪುಸ್ತಕಗಳನ್ನು ಒಳಕ್ಕೆ ಸಾಗಿಸುವ ಜಾಲವನ್ನು ವರ್ಷಗಟ್ಟಲೆ ನಡೆಸಿ, 1981ರಲ್ಲಿ ಸೆರೆಮನೆ ಸೇರಿದರು. ಟೊರಾಂಟೊದಲ್ಲಿ, ವಲಸೆ ಹೋದ ಲೇಖಕ ಯೊಸೆಫ್ ಷ್ಕ್ವೊರೆತ್ಸ್ಕಿ ಹೆಸರಿನ ಜತೆ ನೆನೆಯುವ ‘68 ಪಬ್ಲಿಷರ್ಸ್’ ಪ್ರಕಾಶನವನ್ನು ಹೊತ್ತು ನಡೆಸಿದವರು ಅವರ ಪತ್ನಿ, ಸ್ವತಃ ಕಾದಂಬರಿಕಾರ್ತಿ ಝ್ದೇನಾ ಸಾಲಿವಾರೊವಾ. ಅವರು ತಮ್ಮ ಬರವಣಿಗೆಯನ್ನು ಬದಿಗಿಟ್ಟು ಇತರರ ಪುಸ್ತಕಗಳಿಗೆ ಅಕ್ಷರ ಜೋಡಿಸಿದರು.

ಎರಡನೆಯ ಆಕ್ಷೇಪ ಸಂಖ್ಯೆಯದು. ಹನ್ನೆರಡು ಪ್ರತಿ, ಪ್ರತಿಯೊಂದಕ್ಕೆ ಇಪ್ಪತ್ತು ಮೂವತ್ತು ಓದುಗರೆಂದರೂ ನಾಡು ಎಲ್ಲಿ, ಇದು ಎಲ್ಲಿ? ಬಹುಪಾಲು ಜೆಕ್ ಜನ ಈ ಪುಸ್ತಕಗಳನ್ನು ಆಗ ಕಾಣಲೇ ಇಲ್ಲ ಎನ್ನುವುದು ಸತ್ಯ. ಕುತೂಹಲದ ಮಾತೆಂದರೆ ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಒಳಗಿನವರೇ. 1978ರ ಡಿಸೆಂಬರ್‌ನಲ್ಲಿ ವಾತ್ಸುಲೀಕ್ ಧೈರ್ಯದ ಬಗ್ಗೆ ಒಂದು ಲೇಖನ ಬರೆದು, ಸಾಮಾನ್ಯರನ್ನು ಸೆರೆಮನೆಯ ದಾರಿಗೆ ಎಳೆಯುವುದು ಸರಿಯೇ, ಸದ್ದಿಲ್ಲದೆ ಪ್ರಾಮಾಣಿಕವಾಗಿ ಕೆಲಸ ಮಾಡಿಕೊಂಡಿರುವುದಕ್ಕೆ ಬೆಲೆಯಿಲ್ಲವೇ ಎಂದು ಕೇಳಿದರು. ಗೆಳೆಯರು ಸಿಟ್ಟಾದರು, ಉತ್ತರ ಬರೆದರು. ಆ ಜಗಳವೂ ಬೆರಳಚ್ಚಿನಲ್ಲೇ ನಡೆಯಿತು. ಅದೇ ವರ್ಷ ಹಾವೆಲ್ ‘ಶಕ್ತಿಹೀನರ ಶಕ್ತಿ’ ಪ್ರಬಂಧದಲ್ಲಿ, ಭಿನ್ನಮತೀಯ ಎಂಬ ಪದ ಪಶ್ಚಿಮದ ಪತ್ರಕರ್ತರು ಕೊಟ್ಟದ್ದು, ಅದು ಕೆಲವರನ್ನು ಉಳಿದವರಿಂದ ಬೇರ್ಪಡಿಸಿ ಭಿನ್ನಮತವನ್ನೊಂದು ವೃತ್ತಿಯಂತೆ ತೋರಿಸುತ್ತದೆ ಎಂದು ಆತಂಕಪಟ್ಟರು. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇನ್ನು ಸಂಖ್ಯೆಯ ವಿಷಯದಲ್ಲಿ ಹೇಳಬೇಕೆಂದರೆ, ಸರ್ಕಾರಿ ಪ್ರಕಾಶನದ ಸಾವಿರಾರು ಪ್ರತಿಗಳನ್ನು ಯಾರೂ ಓದದೆ ಬಿಡಬಹುದು. ತಾನೇ ಕೂತು ಕುಟ್ಟಿದ ಪುಸ್ತಕವನ್ನು ಪ್ರತಿ ಮಾಡಿದವನು ಅಕ್ಷರ ಅಕ್ಷರವಾಗಿ ಓದಿಯೇ ಓದಿರುತ್ತಾನೆ. ಯಾರೊಸ್ಲಾವ್ ಸೈಫರ್ಟ್ ಅವರ ಕವಿತೆಗಳು ಎಪ್ಪತ್ತರ ದಶಕದಲ್ಲಿ ಹೀಗೆಯೇ ಕೈಯಿಂದ ಕೈಗೆ ದಾಟಿದವು. 1984ರಲ್ಲಿ ನೊಬೆಲ್ ಬಂದಾಗ ಸ್ಟಾಕ್‌ಹೋಮ್‌ಗೆ ಹೋಗಿ ತಂದವರು ಅವರ ಮಗಳು.

ಕಷ್ಟದ ಪ್ರಕರಣ ಕಾದಂಬರಿಕಾರ ಬೊಹುಮಿಲ್ ಹ್ರಬಾಲ್ ಅವರದು, ಅದಕ್ಕೆ ಸ್ಪಾಲೆನಾ ಬೀದಿಗೆ ಬರಬೇಕು. ಈಗ ಟ್ರಾಮ್‌ಗಳೂ ಅಂಗಡಿಗಳೂ ತುಂಬಿದ ಈ ಬೀದಿಯಲ್ಲಿ ಐವತ್ತರ ದಶಕದಲ್ಲಿ ರದ್ದಿ ಕಾಗದದ ಗೋದಾಮೊಂದಿತ್ತು. ಹ್ರಬಾಲ್ 1954ರಿಂದ ಕೆಲವು ವರ್ಷ ಅಲ್ಲಿ ಕಾಗದವನ್ನು ಯಂತ್ರದಲ್ಲಿ ಒತ್ತಿ ಹೊರೆ ಕಟ್ಟುವ ಕೆಲಸ ಮಾಡಿದರು. 1970ರಲ್ಲಿ, ಅಚ್ಚಾಗಿ ಮುಗಿದಿದ್ದ ಅವರದೇ ಎರಡು ಪುಸ್ತಕಗಳು ರದ್ದಿಗೆ ಹೋದವು. ಐದು ವರ್ಷ ಮೌನ. 1975ರ ಜನವರಿಯಲ್ಲಿ ‘ತ್ವೊರ್ಬಾ’ ವಾರಪತ್ರಿಕೆಯಲ್ಲಿ ಆಡಳಿತಕ್ಕೆ ಒಪ್ಪುವಂಥ ಒಂದು ಚಿಕ್ಕ ಸಂದರ್ಶನ ಬಂತು. ಅದಾದ ಮೇಲೆ ಅವರ ಪುಸ್ತಕಗಳು ಕತ್ತರಿ ಹಾಕಿಸಿಕೊಂಡು ಮತ್ತೆ ಅಚ್ಚಾಗತೊಡಗಿದವು. ಸಿಟ್ಟಿಗೆದ್ದ ಕೆಲವು ಯುವಕರು ನದಿಯ ಕಾಂಪಾ ನಡುಗಡ್ಡೆಯಲ್ಲಿ ಅವರ ಪುಸ್ತಕಗಳನ್ನು ಸುಟ್ಟರು. ಅವರ ನೋವು ಅರ್ಥವಾಗುತ್ತದೆ, ಕೃತ್ಯ ಒಪ್ಪಿಗೆಯಾಗುವುದಿಲ್ಲ. ಪುಸ್ತಕವನ್ನು ರದ್ದಿಗೆ ಹಾಕಿದವರೂ ಅವರೂ ಆ ಒಂದು ಸಂಜೆ ಒಂದೇ ಕೆಲಸ ಮಾಡಿದರು. ಹ್ರಬಾಲ್ ಅವರನ್ನು ಭಿನ್ನಮತದ ಸಾಲಿಗೆ ಸೇರಿಸಬೇಕೇ ಬೇಡವೇ ಎಂಬ ಚರ್ಚೆ ಲೇಖಕನನ್ನಷ್ಟೇ ನೋಡುವುದರಿಂದ ಮುಗಿಯುವುದೇ ಇಲ್ಲ. ಪ್ರತಿಗಳನ್ನು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಕಾಗದ ಒತ್ತುತ್ತಲೇ ಒಳ್ಳೆಯ ಪುಸ್ತಕಗಳನ್ನು ಬದಿಗೆ ತೆಗೆದಿಡುವ ಮುದಿಯನ ಕಥೆ ‘ಅತಿ ಗದ್ದಲದ ಒಂಟಿತನ’ 1989ರವರೆಗೆ ನಾಡಿನಲ್ಲಿ ಅಧಿಕೃತವಾಗಿ ಬರಲಿಲ್ಲ. ಬೆರಳಚ್ಚಿನಲ್ಲಿ ಎಪ್ಪತ್ತರ ದಶಕದಿಂದಲೇ ಓಡಾಡುತ್ತಿತ್ತು. ‘ಇಂಗ್ಲೆಂಡಿನ ದೊರೆಗೆ ಊಟ ಬಡಿಸಿದೆ’ ಕಾದಂಬರಿಯನ್ನು ಎಂಬತ್ತರ ದಶಕದ ಆರಂಭದಲ್ಲಿ ಜಾಝ್ ಸೆಕ್ಷನ್ ಎಂಬ ಸಂಗೀತಾಸಕ್ತರ ಸಂಘ ತನ್ನ ಸದಸ್ಯರಿಗೆಂದು ಅಚ್ಚು ಹಾಕಿತು. ಮುಂದೆ ಆ ಸಂಘದವರು ಜೈಲು ಕಂಡರು. ಲೇಖಕ ಬಾಗಿದ, ಓದುಗರು ಬಾಗಲಿಲ್ಲ. ಬಾಗಿದ ಲೇಖಕನ ಕತ್ತರಿಸದ ಪಠ್ಯವನ್ನು ಅವರು ಕಾದಿಟ್ಟರು.

ಹೀಗೆ ಹೇಳುವುದರಿಂದ ಹಾವೆಲ್, ವಾತ್ಸುಲೀಕ್, ಪಾತೊಚ್ಕಾ ಅವರ ಎದೆಗಾರಿಕೆಯನ್ನು ಕಡಿಮೆ ಮಾಡಿದಂತಾಯಿತೇ? ನನಗೆ ಹಾಗನ್ನಿಸುವುದಿಲ್ಲ. ತಾನು ಬರೆದದ್ದನ್ನು ಹನ್ನೆರಡು ಮಂದಿ ಅಪಾಯ ಹೊತ್ತು ಓದುತ್ತಾರೆಂದು ಗೊತ್ತಿರುವ ಮನುಷ್ಯ ಸುಮ್ಮನೆ ಒಂದು ವಾಕ್ಯ ಬರೆಯಲಾರ; ಅವನ ಧೈರ್ಯಕ್ಕೆ ಹೊಣೆಯೂ ಸೇರುತ್ತದೆ. 1989ರ ನವೆಂಬರ್‌ನಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ನಂತರ ಇವರ ಪುಸ್ತಕಗಳೆಲ್ಲ ದೊಡ್ಡ ಸಂಖ್ಯೆಯಲ್ಲಿ ಅಚ್ಚಾದವು, ಅಂಗಡಿಗಳಲ್ಲಿ ಸಿಗತೊಡಗಿದವು. ಬೆರಳಚ್ಚಿನ ಸಂಪುಟಗಳ ಅಗತ್ಯ ಮುಗಿಯಿತು. ಎಷ್ಟೋ ಮನೆಗಳಲ್ಲಿ ಅವು ಅಟ್ಟ ಸೇರಿದವು, ಕೆಲವು ಸೆನೊವಾಜ್ನೆ ಚೌಕದ ಆ ಕಪಾಟುಗಳಿಗೆ ಬಂದವು. ಅಲ್ಲಿಯ ಓದುವ ಮೇಜಿನ ಮೇಲೆ ಕೊನೆಕೊನೆಯ ಪ್ರತಿಯೊಂದು ಕೈಗೆ ಸಿಕ್ಕರೆ ಓದುವುದು ಸುಲಭವಲ್ಲ. ಅಕ್ಷರ ಮಸುಕು, ಹಾಳೆ ತೆಳು, ಮುಂದಿನ ಪುಟದ ಸಾಲುಗಳು ಈ ಪುಟದ ಸಾಲುಗಳ ನಡುವೆ ಇಣುಕುತ್ತವೆ. ಹಾಳೆಯ ಹಿಂದೆ ಒಂದು ಬಿಳಿ ಕಾಗದ ಇಟ್ಟುಕೊಂಡು, ಪುಟ ತಿರುಗಿಸಿದಾಗಲೆಲ್ಲ ಅದನ್ನೂ ಮುಂದಕ್ಕೆ ಸರಿಸುತ್ತ, ನಿಧಾನವಾಗಿ ಓದಬೇಕು.